ಜವ, ವೇಗ, ಬೇಗ: ಟೀಚರ್ ಪರೀಕ್ಷೆಗೆ ಓದುವಾಗ ಬರೆದುಕೊಂಡದ್ದು

ನಿನ್ನೆ ಅಣಕು ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ವಿಜ್ಞಾನ, ಕನ್ನಡ ಎರಡನ್ನೂ ಓದುತ್ತಿರುವವರಿಗೆ ಉಪಯೋಗ ಆಗಬಹುದು.

ಪ್ರಶ್ನೆ ಇಷ್ಟೇ: ಬಸ್ಸು 40 ಕಿ.ಮೀ. ದೂರದ ಊರಿಗೆ ಒಂದು ಗಂಟೆಯಲ್ಲಿ ಹೋಗಿ, ಇನ್ನೊಂದು ಗಂಟೆಯಲ್ಲಿ ಹೊರಟ ಜಾಗಕ್ಕೇ ವಾಪಸ್ ಬಂತು. ಸರಾಸರಿ ವೇಗ ಎಷ್ಟು? ನಾನು ಗಂಟೆಗೆ 40 ಎಂದು ಗುರುತು ಹಾಕಿದೆ. ಉತ್ತರ ಸೊನ್ನೆ.

ಎರಡು ಗಂಟೆ ಓಡಿದ ಬಸ್ಸಿನ ವೇಗ ಸೊನ್ನೆ ಹೇಗಾಗುತ್ತೆ? ನನಗೆ ಅರ್ಧ ರಾತ್ರಿ ಹಿಡಿಯಿತು.

ಜವ ಬೇರೆ, ವೇಗ ಬೇರೆ

ನಾವು ಮಾತಿನಲ್ಲಿ 'ವೇಗ' ಅನ್ನುವುದಕ್ಕೆ ಪಠ್ಯಪುಸ್ತಕ 'ಜವ' ಅನ್ನುತ್ತದೆ. ಪಠ್ಯದ 'ವೇಗ'ದಲ್ಲಿ ದಿಕ್ಕೂ ಸೇರಿದೆ. ಜವ ಅದಿಶ (ದಿಕ್ಕು ಬೇಡದ ಅಳತೆ), ವೇಗ ಸದಿಶ (ದಿಕ್ಕೂ ಬೇಕಾದ ಅಳತೆ). ಇದನ್ನು ಬಾಯಿಪಾಠ ಮಾಡಿದ್ದೆ. ಆದರೂ ಪ್ರಶ್ನೆಯಲ್ಲಿ 'ವೇಗ' ಕಂಡ ಕೂಡಲೇ ಮನಸ್ಸು ಬಸ್ಸಿನ ಸ್ಪೀಡೋಮೀಟರ್ ಮುಳ್ಳಿನ ಕಡೆಗೆ ಹೋಯಿತು. ಆ ಮುಳ್ಳು ತೋರಿಸುವುದು ಜವ. ಬಸ್ಸು ಯಾವ ಕಡೆಗೆ ಹೋಗುತ್ತಿದೆ ಎಂದು ಅದಕ್ಕೆ ಗೊತ್ತಿಲ್ಲ.

ಹಾಸನದಿಂದ ಸಕಲೇಶಪುರ ಎಂದು ಇಟ್ಟುಕೊಂಡಾಗ ನನಗೆ ಗಂಟು ಬಿಡಿಸಿದಂತಾಯಿತು. ಹೆಚ್ಚುಕಡಿಮೆ 40 ಕಿ.ಮೀ. ಹೋಗುವಾಗ ಪಶ್ಚಿಮಕ್ಕೆ ಎಷ್ಟು ಸರಿದೆವೋ, ಬರುವಾಗ ಪೂರ್ವಕ್ಕೆ ಅಷ್ಟೇ ಸರಿದೆವು. ಸಾಗಿದ ದೂರ 80. ಅದನ್ನು 2 ಗಂಟೆಯಿಂದ ಭಾಗಿಸಿದರೆ ಸರಾಸರಿ ಜವ 40. ಆದರೆ ವೇಗಕ್ಕೆ ಬೇಕಾದದ್ದು ದೂರ ಅಲ್ಲ, ಸ್ಥಾನಪಲ್ಲಟ. ಅಂದರೆ ಹೊರಟ ಜಾಗದಿಂದ ಕೊನೆಗೆ ನಿಂತ ಜಾಗಕ್ಕೆ ಎಳೆದ ನೇರ ಗೆರೆ. ಹೊರಟಿದ್ದು ಹಾಸನ ಬಸ್ ಸ್ಟ್ಯಾಂಡ್, ನಿಂತಿದ್ದೂ ಅಲ್ಲೇ. ಗೆರೆಯೇ ಇಲ್ಲ. ಸೊನ್ನೆಯನ್ನು 2ರಿಂದ ಭಾಗಿಸಿದರೆ ಸೊನ್ನೆಯೇ ಅಲ್ವಾ?

ಇಲ್ಲಿಂದ ಇನ್ನೊಂದು ವಿಷಯವೂ ಹೊಳೆಯಿತು. ಬರೀ ಹೋಗುವ ಪ್ರಯಾಣ ತೆಗೆದುಕೊಂಡರೂ ರಸ್ತೆ ಬಾಗುತ್ತದೆ, ಗೆರೆ ಬಾಗುವುದಿಲ್ಲ. ಹಾಗಾಗಿ ಸರಾಸರಿ ವೇಗದ ಅಂಕಿ ಸರಾಸರಿ ಜವಕ್ಕಿಂತ ಕಡಿಮೆಯೇ ಬರುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳನ್ನು ನೆನೆಸಿಕೊಳ್ಳಿ. ಡ್ರೈವರ್ ಮುಳ್ಳನ್ನು 20ರಲ್ಲೇ ಹಿಡಿದಿದ್ದರೂ ಪ್ರತಿ ತಿರುವಿನಲ್ಲೂ ದಿಕ್ಕು ಬದಲಾಗುತ್ತದೆ. ಜವ ಅದೇ, ವೇಗ ಬೇರೆ. ವೇಗ ಬದಲಾದರೆ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಇದ್ದೇ ಇದೆ. ತಿರುವಿನಲ್ಲಿ ನಾವು ಪಕ್ಕಕ್ಕೆ ವಾಲುವುದು ಅದಕ್ಕೇ.

ಏಕಮಾನ ಬದಲಿಸುವುದು ಸುಲಭ: ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. ಉಳಿದದ್ದೆಲ್ಲ ಇದರ ಮಗ್ಗಿ.

ಜವ ಅಂದರೆ ಯಮನೂ ಹೌದು

ನಮ್ಮಜ್ಜಿಗೆ 'ಜವ' ಅಂದರೆ ಜವರಾಯ, ಯಮ. ಅದೂ ಸರಿ. ಯಾತ್ರೆ ಜಾತ್ರೆ ಆದ ಹಾಗೆ ಯಮ ಜವ ಆಗಿದ್ದಾನೆ. ಇದು ತದ್ಭವ, ಅಂದರೆ ಸಂಸ್ಕೃತದಿಂದ ಬಂದು ಕನ್ನಡದಲ್ಲಿ ರೂಪ ಬದಲಿಸಿದ ಪದ. ವಿಜ್ಞಾನದ 'ಜವ' ಸಂಸ್ಕೃತದಿಂದ ಹಾಗೇ ಬಂದ ಬೇರೆ ಪದ. ಹನುಮಂತನನ್ನು 'ಮನೋಜವ' ಅನ್ನುವುದು ಈ ಜವದಿಂದ, ಮನಸ್ಸಿನಷ್ಟು ಜವ ಉಳ್ಳವನು ಎಂದು. ನನಗೆ ಪದ ನೆನಪಿನಲ್ಲಿ ನಿಂತದ್ದು ಹನುಮಂತನಿಂದಲೇ.

'ಬೇಗ' ಕೂಡ ತದ್ಭವ. ವನ ಬನ ಆಯಿತು, ವರ್ಣ ಬಣ್ಣ ಆಯಿತು, ವೇಗ ಬೇಗ ಆಯಿತು. ಆದರೆ ಅರ್ಥ ಪೂರ್ತಿ ಜೊತೆಗೆ ಬರಲಿಲ್ಲ. "ಬಸ್ಸು ಬೇಗ ಬಂತು" ಅಂದರೆ ಟೈಮಿಗೆ ಮುಂಚೆ ಬಂತು ಅಂತಲೂ ಆಗಬಹುದು, ದಾರಿಯಲ್ಲಿ ಹೆಚ್ಚು ಹೊತ್ತು ತಗೊಳ್ಳಲಿಲ್ಲ ಅಂತಲೂ ಆಗಬಹುದು. "ವೇಗವಾಗಿ ಬಂತು" ಅಂದರೆ ಓಟದ ಮಾತು ಮಾತ್ರ. ನಾನು ವಿರುದ್ಧ ಪದ ಹಾಕಿ ನೋಡುತ್ತೇನೆ. 'ತಡ' ಹೊಂದಿದರೆ ಹೊತ್ತಿನ ಮಾತು, 'ನಿಧಾನ' ಹೊಂದಿದರೆ ಓಟದ ಮಾತು. "ಬೇಗ ಏಳು" ಎಂಬುದಕ್ಕೆ ಎದುರು "ತಡವಾಗಿ ಏಳು". "ಬೇಗ ಬೇಗ ತಿನ್ನು" ಎಂಬುದಕ್ಕೆ ಎದುರು "ನಿಧಾನವಾಗಿ ತಿನ್ನು".

'ಜೋರು' ಪದಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕ್ರಿಯಾಪದವನ್ನೇ ನೋಡಬೇಕು. ಜೋರಾಗಿ ಓಡಿದರೆ ವೇಗ, ಜೋರಾಗಿ ಮಾತಾಡಿದರೆ ಸದ್ದು, ಜೋರಾಗಿ ಮಳೆ ಹುಯ್ದರೆ ನೀರು ಜಾಸ್ತಿ. 'ಜೋರು' ಫಾರ್ಸಿಯ ಪದ, ಮೂಲದಲ್ಲಿ ಬಲ ಎಂದರ್ಥ. ಮೂರರಲ್ಲೂ ಆ ಬಲ ಇದೆ.

ವ್ಯಾಕರಣದ ಒಂದು ಅಂಕ

'ಬೇಗ ಬೇಗ' ದ್ವಿರುಕ್ತಿ (ಅರ್ಥವಿರುವ ಪದವನ್ನೇ ಎರಡು ಸಲ ಹೇಳುವುದು), ಯಾಕೆಂದರೆ ಒಂದೇ 'ಬೇಗ'ಕ್ಕೂ ಅರ್ಥ ಇದೆ. 'ಸರಸರ', 'ದಡದಡ', 'ಪಟಪಟ' ಅನುಕರಣಾವ್ಯಯ, ಅಂದರೆ ಸದ್ದನ್ನು ಅನುಕರಿಸುವ ಪದಗಳು. ಬರೀ 'ಸರ' ಎಂದರೆ ಕೊರಳಿನ ಸರ, ಓಟವಲ್ಲ. ಇವು ಜೊತೆಗಾರರನ್ನು ಆರಿಸಿಕೊಳ್ಳುತ್ತವೆ: ಹಾವು ಸರಸರ ಹರಿಯುತ್ತದೆ, ಮಕ್ಕಳು ದಡದಡ ಮೆಟ್ಟಿಲಿಳಿಯುತ್ತಾರೆ, ನೀರು ಗಟಗಟ ಕುಡಿಯುತ್ತೇವೆ, ಅನ್ನ ಗಬಗಬ ತಿನ್ನುತ್ತೇವೆ. ಅದಲುಬದಲು ಮಾಡಿ ಓದಿ ನೋಡಿ, ಕಿವಿಯೇ ಒಪ್ಪುವುದಿಲ್ಲ.