ಬಂಗಿನ ಟ್ಯೂಬು ಬಣ್ಣದ ಟ್ಯೂಬಾದ ಕಥೆ

ವಿಜಯಪುರದ ಕಡೆ ಕನ್ಯಾ ನೋಡಿ ಬಂದವರಿಗೆ ಮೊದಲ ಪ್ರಶ್ನೆ, 'ಹುಡುಗಿ ಕೆಂಪಗ ಅದಾಳೇನು?' ಆಷಾಢದಲ್ಲಿ ಕರಿ ವಿಠಲನನ್ನು ನೋಡಲು ಪಂಢರಪುರದ ತನಕ ನಡೆದು ಹೋಗುವ ಮಂದಿಯೇ ಇದನ್ನು ಕೇಳುವುದು. ಇರಲಿ.

ಕಡ್ಲಿಹಿಟ್ಟು, ಅರಿಶಿನ ಮೊದಲಿನಿಂದಲೂ ಇದ್ದವು. 1919ರಲ್ಲಿ ಅಫ್ಘಾನ್ ಸ್ನೋ ಎಂಬ ಮುಖದ ಕ್ರೀಮು ಬಂತು, 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು, 2020ರಲ್ಲಿ ಅದರ 'ಫೇರ್' ಹೋಗಿ 'ಗ್ಲೋ' ಆಯಿತು. ಜಗಳವೆಲ್ಲ ಜಾಹೀರಾತಿನ ಕ್ರೀಮುಗಳ ಮೇಲೇ ನಡೆಯಿತು. ಅಷ್ಟರಲ್ಲಿ ಇನ್ನೊಂದು ಟ್ಯೂಬು ಔಷಧಿ ಅಂಗಡಿಯಿಂದ ಸುಮ್ನೆ ಮನೆ ಸೇರಿತ್ತು.

ಅದು ಬಂಗಿಗೆಂದು, ಅಂದರೆ ಮುಖದ ಮೇಲಿನ ಕಂದು ಕಲೆಗೆಂದು ಮಾಡಿದ ಔಷಧಿ. ದ್ರಾಕ್ಷಿ ತೋಟದ ಬಿಸಿಲಲ್ಲಿ ದುಡಿಯುವವರಿಗೆ, ಹೆರಿಗೆಯಾದವರಿಗೆ ಕೆನ್ನೆ ಮೇಲೆ ಬಂಗು ಉಳಿಯುವುದು ಹೊಸದಲ್ಲ. ಟ್ಯೂಬಿನಲ್ಲಿ ಮೂರು ಔಷಧಿ ಇರುತ್ತವೆ. ಹೈಡ್ರೋಕ್ವಿನೋನ್ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ. ಟ್ರೆಟಿನಾಯಿನ್ ಮೇಲಿನ ಪದರವನ್ನು ಬೇಗ ಉದುರಿಸುತ್ತದೆ. ಇವೆರಡರ ಉರಿ ತಣಿಸಲು ಒಂದು ಸ್ಟಿರಾಯ್ಡ್, ನಮ್ಮಲ್ಲಿ ಹೆಚ್ಚಾಗಿ ಮೊಮೆಟಾಸೋನ್. ಡಾಕ್ಟರು ಹೇಳಿದಷ್ಟು ವಾರ, ರಾತ್ರಿ ಮಾತ್ರ ಹಚ್ಚಿದರೆ ಗುಣ ಕಾಣುತ್ತದೆ. ಬಸುರಿಯರು ಮಾತ್ರ ಮುಟ್ಟಬಾರದು.

ಆದರೆ ಸ್ಟಿರಾಯ್ಡ್ ರಕ್ತನಾಳಗಳನ್ನೂ ಬಿಗಿ ಮಾಡುತ್ತದೆ. ಕೆಲವೇ ದಿನದಲ್ಲಿ ಮುಖ ಬೆಳ್ಳಗೆ ಕಾಣುತ್ತದೆ. ಮರುಳಾಗಿದ್ದು ಇದಕ್ಕೇ. ಅತ್ತಿಗೆಯ ಚೀಟಿ ನಾದಿನಿಗೆ, ನಾದಿನಿಯ ಟ್ಯೂಬು ಪಕ್ಕದ ಮನೆಗೆ. ಆಮೇಲೆ ಚೀಟಿಯೂ ಬೇಡ. 'ಅಣ್ಣಾ, ಆ ಮಾರಿಗಿ ಹಚ್ಚೂ ಟ್ಯೂಬ್ ಕೊಡ್ರಿ' ಅಂದರೆ ಮುಗಿಯಿತು.

ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಸಣ್ಣ ಕೆಂಪು ರಕ್ತನಾಳಗಳು ಕಾಣುತ್ತವೆ. ಮೊಡವೆ ಏಳುತ್ತವೆ, ಮುಖದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ. ಹೆದರಿ ಮತ್ತೆ ಹಚ್ಚುತ್ತಾರೆ, ಗಂಟು ಬಿದ್ದಿರುವುದು ಇಲ್ಲೇ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದವರಲ್ಲಿ ನೀಲಿಗಪ್ಪು ಕಲೆ ಬೀಳುವುದೂ ಉಂಟು. ಬಂಗೇ ವಾಸಿ ಅನ್ನಿಸುವಂಥದ್ದು.

2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಹಚ್ಚುವ ಸ್ಟಿರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಅಂದಿತು. ಚೀಟಿ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ, ಅಲ್ವಾ?

ಈಗ ಹೊಸ ಕಾಟ, ಯಾರು ಮಾಡಿದ್ದೋ ಗೊತ್ತಿಲ್ಲದ ಡಬ್ಬಿ ಕ್ರೀಮು. ಕೆಲವದರಲ್ಲಿ ಪಾದರಸ ಇರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇಂಥದ್ದು ಹಚ್ಚಿದವರ ಕಿಡ್ನಿಗೇ ಪೆಟ್ಟು ಬಿದ್ದಿತ್ತು.

ಡಾಕ್ಟರ ಹತ್ತಿರ ಹೋಗುವಾಗ ಹಚ್ಚುತ್ತಿದ್ದ ಟ್ಯೂಬನ್ನೂ ಕೈಯಲ್ಲಿ ಒಯ್ಯಿರಿ. ಅದನ್ನು ಮನೆಯಲ್ಲೇ ಬಿಟ್ಟು 'ಬರೀ ಅರಿಶಿಣ ಹಚ್ಚತೇನ್ರಿ' ಅನ್ನುವವರೇ ಜಾಸ್ತಿ.