ಪಾಸ್‌ಬುಕ್ ಯಾರ ಹೆಸರಿನಲ್ಲಿದೆ?

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ ಅಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತಲು ಹೋಗಿದ್ದಾರೆ. ಇಬ್ಬರೂ ಬುಟ್ಟಿ ಹೊತ್ತಿದ್ದಾರೆ, ಇಬ್ಬರ ಹಾಜರಿಯೂ ಬಿದ್ದಿದೆ. ಕೂಲಿ ಮಾತ್ರ ಗಂಡನ ಖಾತೆಗೆ ಜಮಾ ಆಗುತ್ತದೆ. ಎಷ್ಟು ದಿನ ದುಡಿದೆ ಅಂತ ಆಕೆಗೆ ಗೊತ್ತು, ಎಷ್ಟು ಬಂತು ಅಂತ ಗೊತ್ತಿಲ್ಲ. ಅದೇ ದುಡ್ಡು ಆಕೆಯ ಖಾತೆಗೇ ಬಿದ್ದರೆ ಏನಾಗುತ್ತದೆ? ಹೇಗೂ ಒಂದೇ ಮನೆಗೆ ಬರೋದು ತಾನೆ, ಅನ್ನಿಸಬಹುದು.

ಹಾಗಲ್ಲ ಅಂತ ಅಳೆದು ತೋರಿಸಿದವರಲ್ಲಿ ರೋಹಿಣಿ ಪಾಂಡೆ ಒಬ್ಬರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. 2022ರಲ್ಲಿ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು.

ಇದಕ್ಕೂ ಮೊದಲು ಅವರು ಹಿಡಿದಿದ್ದ ಪ್ರಶ್ನೆ ಇನ್ನೂ ದೊಡ್ಡದು. ಹಳ್ಳಿಗೆ ಬ್ಯಾಂಕ್ ಬಂದರೆ ಬಡತನ ಕಡಿಮೆಯಾಗುತ್ತದಾ? ಸುಮ್ನೆ ಬ್ಯಾಂಕ್ ಇರುವ ಊರು, ಇಲ್ಲದ ಊರು ಹೋಲಿಸಿದರೆ ಉತ್ತರ ಸಿಗುವುದಿಲ್ಲ. ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರಿದೆ, ಭತ್ತವಿದೆ, ಕೈಯಲ್ಲಿ ದುಡ್ಡಿದೆ. ಬ್ಯಾಂಕ್ ತಾನಾಗಿಯೇ ಅಲ್ಲಿಗೆ ಬರುತ್ತದೆ. ಮಳೆ ನಂಬಿದ ಯಲಬುರ್ಗಾದ ಜೊತೆ ಗಂಗಾವತಿಯನ್ನು ಇಟ್ಟು ನೋಡಿದರೆ, ಕಾಲುವೆ ಮಾಡಿದ ಕೆಲಸದ ಹೆಸರು ಬ್ಯಾಂಕಿಗೆ ಹೋಗಿಬಿಡುತ್ತದೆ.

ಪಾಂಡೆ ಮತ್ತು ಇನ್ನೊಬ್ಬ ಅರ್ಥಶಾಸ್ತ್ರಜ್ಞ ರಾಬಿನ್ ಬರ್ಜೆಸ್ ಇದಕ್ಕೆ ಒಂದು ದಾರಿ ಕಂಡುಕೊಂಡರು. 1977ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತ್ತು: ಬ್ಯಾಂಕ್ ಇರುವ ಊರಿನಲ್ಲಿ ಒಂದು ಹೊಸ ಶಾಖೆ ಬೇಕಾದರೆ, ಬ್ಯಾಂಕೇ ಇಲ್ಲದ ಕಡೆ ನಾಲ್ಕು ತೆರೆಯಬೇಕು. 1990ರವರೆಗೆ ಅದು ನಡೆಯಿತು. ಅಷ್ಟು ವರ್ಷ ಬ್ಯಾಂಕುಗಳು ಲಾಭ ಇರುವಲ್ಲಿಗಲ್ಲ, ನಿಯಮ ಹೇಳಿದಲ್ಲಿಗೆ ಹೋದವು. ಹಾಗೆ ಶಾಖೆ ಹೆಚ್ಚಿದ ರಾಜ್ಯಗಳಲ್ಲಿ ಹಳ್ಳಿಯ ಬಡತನ ಜಾಸ್ತಿ ಇಳಿದಿತ್ತು ಅಂತ 2005ರಲ್ಲಿ ಇಬ್ಬರೂ ಬರೆದರು. ಕೆಲವು ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪಿಲ್ಲ. ಆದರೂ 1976ರಲ್ಲಿ ಬಳ್ಳಾರಿಯಲ್ಲಿ ಶುರುವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕನ್ನು ಕಂಡ ನಮ್ಮ ಹಿರಿಯರಿಗೆ ಆ ಕಾಲದ ಬದಲಾವಣೆ ಹೊಸ ಮಾತಲ್ಲ. ಬಡ್ಡಿ ಸಾಹುಕಾರನ ಜಗುಲಿ ಬಿಟ್ಟು ಸಾಲ ಕೇಳಲು ಇನ್ನೊಂದು ಬಾಗಿಲು ಸಿಕ್ಕಿತ್ತು.

ಆದರೆ ಆ ಬಾಗಿಲೊಳಗೆ ಹೆಣ್ಣುಮಕ್ಕಳು ಎಷ್ಟು ಜನ ಹೋದರು? ಇಲ್ಲಿಗೆ ಬರುತ್ತದೆ ಎರಡನೆಯ ಅಧ್ಯಯನ, ನನಗೆ ತುಂಬಾ ಇಷ್ಟವಾದದ್ದು. ಪಾಂಡೆ ಮತ್ತು ಸಂಗಡಿಗರು ಇದನ್ನು ಮಧ್ಯಪ್ರದೇಶದ ಹಳ್ಳಿಗಳಲ್ಲಿ ಮಾಡಿ, 2021ರಲ್ಲಿ ಪ್ರಕಟಿಸಿದರು. ಯಾವ ಪಂಚಾಯಿತಿಗೆ ಏನು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವು ಕಡೆ ಹೆಂಗಸರಿಗೆ ಬರೀ ಖಾತೆ ತೆರೆದುಕೊಟ್ಟರು. ಕೆಲವು ಕಡೆ ಖಾತೆಯ ಜೊತೆಗೆ ಅದನ್ನು ಬಳಸುವುದನ್ನೂ ಹೇಳಿಕೊಟ್ಟರು. ಇನ್ನು ಕೆಲವು ಕಡೆ ಉದ್ಯೋಗ ಖಾತ್ರಿ ಕೂಲಿ ಗಂಡನ ಖಾತೆ ಬಿಟ್ಟು ನೇರ ಆಕೆಯ ಖಾತೆಗೆ ಬೀಳುವ ಹಾಗೆ ಮಾಡಿದರು. ಕೂಲಿಯೂ ನೇರ, ತರಬೇತಿಯೂ ಇದೆ ಅನ್ನುವ ಊರುಗಳೂ ಇದ್ದವು.

ಎರಡೂ ಸಿಕ್ಕವರು ಬರೀ ಖಾತೆ ಸಿಕ್ಕವರಿಗಿಂತ ಹೆಚ್ಚು ಕೆಲಸಕ್ಕೆ ಹೋದರು. ಸರ್ಕಾರಿ ಕೆಲಸ ಅಷ್ಟೇ ಅಲ್ಲ, ಖಾಸಗಿ ದುಡಿಮೆಗೂ ಹೋದರು. ಕೂಲಿ ದರ ಯಾರೂ ಏರಿಸಿರಲಿಲ್ಲ. ತಾನು ದುಡಿದದ್ದು ತನ್ನ ಕೈಗೆ ಬರುತ್ತದೆ ಅನ್ನುವುದಷ್ಟೇ ಹೊಸದು.

ತರಬೇತಿ ಯಾಕೆ ಬೇಕು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಂಗಸರಲ್ಲಿ ಅರ್ಧದಷ್ಟು ಜನರಿಗೂ ಓದು ಬರಹ ಬರುತ್ತಿರಲಿಲ್ಲ. ದುಡ್ಡು ತೆಗೆಯುವ ಚೀಟಿ ತುಂಬಲು ಇನ್ನೊಬ್ಬರ ಪೆನ್ನು ಬೇಕು. ಪೆನ್ನು ಹಿಡಿದವನಿಗೆ ಖಾತೆಯಲ್ಲಿ ಎಷ್ಟಿದೆ ಅಂತ ಗೊತ್ತಾಗುತ್ತದೆ, ಹೆಬ್ಬೆಟ್ಟು ಒತ್ತಿದವಳಿಗೆ ಆಗುವುದಿಲ್ಲ. ಹಾಗಾದಾಗ ಖಾತೆ ಆಕೆಯದು ಅನ್ನುವುದು ಬರೀ ಹೆಸರಿಗೆ, ಅಲ್ವಾ?

ಸುಮಾರು ಮೂರು ವರ್ಷದ ಮೇಲೆ ಸಂಶೋಧಕರು ಅದೇ ಮನೆಗಳಿಗೆ ಮತ್ತೆ ಹೋದರು. ಹೆಣ್ಣು ಹೊರಗೆ ದುಡಿಯುವುದು ತಪ್ಪಲ್ಲ ಅನ್ನುವ ಹೆಂಗಸರು ಹೆಚ್ಚಾಗಿದ್ದರು. ಹೆಂಡತಿ ಕೆಲಸಕ್ಕೆ ಹೋದರೆ ಊರಿನವರು ಏನಂದಾರೋ ಅನ್ನುವ ಅಂಜಿಕೆ ಗಂಡಂದಿರಲ್ಲೂ ತಗ್ಗಿತ್ತು. ಈ ಬದಲಾವಣೆ ಹೆಚ್ಚಾಗಿ ಕಂಡದ್ದು, ಹೆಂಗಸರಿಗೆ ಮೊದಲು ಕಟ್ಟುಪಾಡು ಜಾಸ್ತಿಯಿದ್ದ ಮನೆಗಳಲ್ಲೇ.