ಆಫೀಸ್ ಕೆಲಸ ಬೇಕು, ಯಾವ ಕಂಪ್ಯೂಟರ್ ಕೋರ್ಸ್‌ಗೆ ಸೇರಲಿ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವಳು. ದ್ವಿತೀಯ ಪಿಯುಸಿ ಆಗಿದೆ. ಆಫೀಸ್ ಕೆಲಸಕ್ಕೆ ಸೇರಬೇಕೆಂದಿದ್ದೇನೆ. ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಅಂತ ಬೇರೆ ಬೇರೆ ಕೋರ್ಸ್ ಹೇಳುತ್ತಾರೆ. ಯಾವುದು ಮಾಡಿದರೆ ಕೆಲಸ ಸಿಗುತ್ತದೆ?

ಕೋರ್ಸ್ ಆರಿಸುವ ಮೊದಲು ಯಾವ ಕುರ್ಚಿ ಬೇಕು ಎಂದು ತೀರ್ಮಾನಿಸಿಕೊಳ್ಳಿ. ಸರ್ಕಾರಿ ಕಚೇರಿಯಲ್ಲಿ ಸರ್ಟಿಫಿಕೇಟಿನ ಮೇಲೆ ಯಾರ ಮೊಹರಿದೆ ಎಂದು ಮೊದಲು ನೋಡುತ್ತಾರೆ. ಕಾಫಿ ಎಸ್ಟೇಟ್, ಕೂಡ್ಲೂರು ಕಡೆಯ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಮಡಿಕೇರಿಯ ರೆಸಾರ್ಟ್ ಅಥವಾ ಆಡಿಟರ್ ಆಫೀಸಿನಲ್ಲಾದರೆ ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಪತ್ರ, ಒಂದು ಲೆಕ್ಕ ಮಾಡಿಸಿ ನೋಡುವುದೇ ಹೆಚ್ಚು.

ಸರ್ಕಾರಿ ದಾರಿ ಹಿಡಿಯುವುದಾದರೆ: ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗೆ ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರೌಢ ದರ್ಜೆ (ಸೀನಿಯರ್) ಬೆರಳಚ್ಚು ಪಾಸಾಗಿರಬೇಕೆಂದು ಕೇಳುತ್ತಾರೆ. ಆ ಪರೀಕ್ಷೆ ನಡೆಸುವುದು ರಾಜ್ಯದ ಪರೀಕ್ಷಾ ಮಂಡಳಿ, ನೀವು ಕಲಿಯಲು ಹೋಗುವ ಇನ್‌ಸ್ಟಿಟ್ಯೂಟ್ ಅಲ್ಲ. ಐಟಿಐನಲ್ಲಿ ‘ಕೋಪಾ’ ಎಂಬ ಒಂದು ವರ್ಷದ ಕಂಪ್ಯೂಟರ್ ಆಪರೇಟರ್ ಟ್ರೇಡ್ ಇದೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಕೇಂದ್ರ ಸರ್ಕಾರದ ‘ನೈಲಿಟ್’ ಸಂಸ್ಥೆಯ ಸಿಸಿಸಿ ಎಂಬ ಪ್ರಾಥಮಿಕ ಕಂಪ್ಯೂಟರ್ ಕೋರ್ಸ್ 80 ಗಂಟೆಯದು. ಖಾಸಗಿ ಕೇಂದ್ರದಲ್ಲಿ ಫೀಸು ಕಟ್ಟುವ ಮುಂಚೆ, ನಿಮಗೆ ಬೇಕಾದ ಹುದ್ದೆಯ ಹಳೆಯ ಅಧಿಸೂಚನೆಯೊಂದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ. ವಿದ್ಯಾರ್ಹತೆಯ ಸಾಲಿನ ಮೇಲೆ ಬೆರಳಿಟ್ಟು, ‘ನಿಮ್ಮ ಸರ್ಟಿಫಿಕೇಟ್ ಇದಕ್ಕೆ ನಡೆಯುತ್ತದಾ?’ ಎಂದು ಕೇಳಿ. ಆ ಸಾಲಿಗೆ ಹೊಂದದ ಸರ್ಟಿಫಿಕೇಟು ದಾಖಲೆ ಪರಿಶೀಲನೆಯ ದಿನ ಬಿದ್ದುಹೋಗುತ್ತದೆ. ಅಷ್ಟು ಹೊತ್ತಿಗೆ ಹಣವೂ ಹೋಗಿರುತ್ತದೆ, ವರ್ಷವೂ ಹೋಗಿರುತ್ತದೆ.

ಯಾವ ದಾರಿಯಾದರೂ ಮೊದಲ ತಿಂಗಳು ಕನ್ನಡ ಟೈಪಿಂಗ್‌ಗೇ ಕೊಡಿ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ, ಕೆಳಗೆ ಬಂದ ಪದ ಆರಿಸಿ ಅಭ್ಯಾಸವಾದವರಿಗೆ ಕಚೇರಿಯ ಕೀಬೋರ್ಡ್ ಮುಂದೆ ಕೈ ಓಡುವುದಿಲ್ಲ. ಇಲ್ಲಿ ಬಳಕೆಯಲ್ಲಿರುವುದು ನುಡಿ ಎಂಬ ಕನ್ನಡ ತಂತ್ರಾಂಶ, ಅದರ ಕೀ ಜೋಡಣೆ ಕೆ.ಪಿ. ರಾವ್ ವಿನ್ಯಾಸ. ‘ಕೊಡಗು’ ಬರೆಯಲು ಕೆ, ಓ, ಡಬ್ಲ್ಯು, ಜಿ, ಯು, ಈ ಐದು ಕೀ ಸಾಕು. ಡ ಎಂದರೆ ಡಿ ಇರಬೇಕೆಂದು ಅಂದಾಜಿನಲ್ಲಿ ಒತ್ತಿದರೆ ‘ಕೊದಗು’ ಆಗುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು: ‘ಅಕ್ಷರ’ ಎಂದರೆ ಎ, ಕೆ, ಎಫ್, ಎಕ್ಸ್, ಆರ್. ಎಫ್ ಮತ್ತು ಜೆ ಕೀಗಳ ಮೇಲೆ ಚಿಕ್ಕ ಉಬ್ಬು ಗೆರೆ ಇದೆ, ತೋರುಬೆರಳುಗಳು ಅಲ್ಲೇ ಕೂರಬೇಕು. ದಿನಕ್ಕೆ 45 ನಿಮಿಷ ಕೀ ನೋಡದೆ ಒತ್ತಿ. ವೇಗ ಆಮೇಲೆ ತಾನಾಗಿ ಬರುತ್ತದೆ, ಮೊದಲು ತಪ್ಪು ಕಡಿಮೆಯಾಗಲಿ.

ಜೊತೆಗೆ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತದ ವಿಷಯ ತಿಳಿದಿರಲಿ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರವನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಹೆದರಿ ಅಳಿಸಬೇಡಿ, ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ. ಹೊಸದಾಗಿ ಮಾಡುವುದನ್ನೆಲ್ಲ ಯುನಿಕೋಡ್‌ನಲ್ಲೇ ಮಾಡಿ.

ವರ್ಡ್‌ನಲ್ಲಿ ಕಲಿಯಬೇಕಾದ್ದು ಹೆಚ್ಚಿಲ್ಲ. ‘ವಿಷಯ’, ‘ಉಲ್ಲೇಖ’ ಇರುವ ಕಚೇರಿ ಪತ್ರ, ಟೇಬಲ್, ಒಂದೇ ಪತ್ರ ನೂರು ವಿಳಾಸಕ್ಕೆ ಹೋಗುವಂತೆ ಮಾಡುವ ಮೇಲ್ ಮರ್ಜ್, ಪಿಡಿಎಫ್ ಮಾಡುವುದು, ಇಷ್ಟು ಗಟ್ಟಿಯಾಗಿ ಬರಲಿ. ಸಾಲು ಸರಿಹೊಂದಿಸಲು ಸ್ಪೇಸ್ ಬಾರ್ ಒತ್ತುತ್ತಾ ಹೋಗಬೇಡಿ, ಫಾಂಟ್ ಬದಲಾದ ತಕ್ಷಣ ಎಲ್ಲ ಚೆಲ್ಲಾಪಿಲ್ಲಿ. ಟ್ಯಾಬ್ ಬಳಸಿ.

ಎಕ್ಸೆಲ್ ಹಾಗಲ್ಲ. ಅಲ್ಲಿ ಒಂದು ತಪ್ಪಿಗೆ ಒಬ್ಬರ ಕೂಲಿ ಹೋಗುತ್ತದೆ. ಎಸ್ಟೇಟ್ ರೈಟರ್ ಇಡುವ ಕೂಲಿ ಲೆಕ್ಕದ ಪಟ್ಟಿ, ಅಂದರೆ ಚೆಕ್‌ರೋಲ್ ತೆಗೆದುಕೊಳ್ಳಿ. ಕುಯ್ಲಿನ ಕಾಲದಲ್ಲಿ ಒಬ್ಬೊಬ್ಬರು ಎಷ್ಟು ಕಿಲೋ ಹಣ್ಣು ಕುಯ್ದರೆಂದು ದಿನವೂ ತುಂಬಬೇಕು. ಒಂದು ಚೌಕದಲ್ಲಿ (ಸೆಲ್) 62 ಎಂದು ಹಾಕುವ ಬದಲು ‘62 ಕೆಜಿ’ ಎಂದು ಹಾಕಿದಿರಿ ಎನ್ನಿ. ಎಕ್ಸೆಲ್ ಅದನ್ನು ಅಕ್ಷರವೆಂದು ತಿಳಿಯುತ್ತದೆ, ಸಮ್ ಸೂತ್ರ ಅದನ್ನು ಬಿಟ್ಟು ಕೂಡುತ್ತದೆ, ತಪ್ಪಾಗಿದೆ ಎಂದು ಹೇಳುವುದೂ ಇಲ್ಲ. ಆ 62 ಕಿಲೋ ಕೂಲಿ ಅದನ್ನು ಕುಯ್ದ ಹೆಂಗಸಿನ ಕೈಗೆ ಬರುವುದಿಲ್ಲ. ಗುರುತು ಹಿಡಿಯುವುದು ಸುಲಭ: ನೀವಾಗಿ ಜೋಡಣೆ ಬದಲಿಸದಿದ್ದರೆ ಅಂಕಿ ಬಲಕ್ಕೆ ಕೂರುತ್ತದೆ, ಅಕ್ಷರ ಎಡಕ್ಕೆ. ‘ಕೆಜಿ’ ಕಾಲಮಿನ ತಲೆಬರಹದಲ್ಲಿ ಮಾತ್ರ ಇರಲಿ.

ಬ್ಯಾಂಕ್ ಖಾತೆ ಸಂಖ್ಯೆಯೂ ಹೀಗೇ ಕೈಕೊಡುತ್ತದೆ. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ಸರಿಯಾಗಿ ಹಿಡಿದಿಡುತ್ತದೆ, 16 ಅಂಕಿಯ ಖಾತೆ ಹಾಕಿದರೆ ಕೊನೆಯದು ಸೊನ್ನೆಯಾಗುತ್ತದೆ. ಮುಂದಿರುವ ಸೊನ್ನೆಗಳು ಮಾಯವಾಗುತ್ತವೆ. ಟೈಪ್ ಮಾಡುವ ಮೊದಲೇ ಆ ಕಾಲಮನ್ನು ‘ಟೆಕ್ಸ್ಟ್’ ಮಾಡಿಡಿ, ಆಮೇಲೆ ಮಾಡಿದರೆ ಹೋದ ಅಂಕಿ ಬರುವುದಿಲ್ಲ. ಐಎಫ್‌ಎಸ್‌ಸಿ ಎಂಬ ಬ್ಯಾಂಕ್ ಶಾಖೆಯ ಕೋಡಿನ 11 ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಕಂಪ್ಯೂಟರ್ ಅಮೆರಿಕದ ದಿನಾಂಕ ಕ್ರಮದಲ್ಲಿದ್ದರೆ 05/01 ಎಂಬುದು ಮೇ 1 ಆಗುತ್ತದೆ. ಸೆಟ್ಟಿಂಗ್‌ನಲ್ಲಿ ಭಾರತ ಎಂದು ಬದಲಿಸಿ.

ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ, ಜಿಎಸ್‌ಟಿ ವಾಣಿಜ್ಯ ಓದಿದವರಿಗೆ ಬೇಗ ಹತ್ತುತ್ತದೆ. ಉಳಿದವರು ಜಮಾ-ಖರ್ಚು ಕೈಬರಹದಲ್ಲಿ ಕಲಿತ ಮೇಲೆ ಹೋಗಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ವರ್ಡ್, ಎಕ್ಸೆಲ್ ತಾವಾಗಿ ನಕಲು ಇಟ್ಟುಕೊಳ್ಳುವುದು 10 ನಿಮಿಷಕ್ಕೊಮ್ಮೆ. ಅದನ್ನು 1 ನಿಮಿಷಕ್ಕೆ ಇಳಿಸಿ, ಪ್ಯಾರಾ ಮುಗಿದಾಗಲೆಲ್ಲ ಕಂಟ್ರೋಲ್ ಎಸ್ ಒತ್ತಿ. ಯುಪಿಎಸ್ ಇರುವುದು ಸೇವ್ ಮಾಡಿ ಆಫ್ ಮಾಡುವುದಕ್ಕೆ, ಕೆಲಸ ಮುಂದುವರಿಸುವುದಕ್ಕಲ್ಲ.

ಸೇರುವ ಮೊದಲು ಒಂದು ದಿನ ಕ್ಲಾಸ್ ನಡೆಯುವ ಹೊತ್ತಿಗೇ ಹೋಗಿ ನೋಡಿ. ಒಂದು ಕಂಪ್ಯೂಟರಿಗೆ ಇಬ್ಬರು ಕೂತಿದ್ದರೆ ನಿಮ್ಮ ಕೈಗೆ ಸಿಗುವುದು ಅರ್ಧ ಹೊತ್ತು. ನುಡಿ ಹಾಕಿದ್ದಾರಾ, ಪ್ರಿಂಟರ್ ಇದೆಯಾ, ಕರೆಂಟ್ ಹೋದ ದಿನದ ಕ್ಲಾಸ್ ಬೇರೆ ದಿನ ಕೊಡುತ್ತಾರಾ ಎಂದು ಕೇಳಿ, ಆಮೇಲೆ ಫೀಸು ಕಟ್ಟಿ ರಸೀದಿ ತೆಗೆದುಕೊಳ್ಳಿ.